ಹಿತ್ತಲಿನಿಂದ ವಿಧಾನಸೌಧಕ್ಕೆ

ನನ್ನ ಗೆಳತಿ ಗೆದ್ದ ಮೊದಲ ಚುನಾವಣೆ ನಡೆದದ್ದು ಹಾಸನದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಊಟದ ಕಾರ್ಯದರ್ಶಿ ಎಂಬ ಹುದ್ದೆಗೆ ನಡೆದ ಆ ಚುನಾವಣೆಯಲ್ಲಿ ಅವಳ ಎದುರು ನಿಂತು ಸೋತವಳು ನಾನು. ಮುಂದೆ ಅವಳು ಎಮ್ಮೆಲ್ಲೆಯಾಗುವ ಹೊತ್ತಿಗೆ ಎಷ್ಟೋ ದೊಡ್ಡವರು ಅವಳ ಎದುರು ಸೋತರು. ಆ ಸಾಲಿನಲ್ಲಿ ಮೊದಲ ಸ್ಥಾನ ನನ್ನದೇ ಎಂದು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೊಳೆನರಸೀಪುರದ ದೇವಸ್ಥಾನದ ಬೀದಿಯವಳು, ಅಪ್ಪ ಅರ್ಚಕರು. ಅವಳು ಹಳ್ಳಿಮೈಸೂರಿನ ಹತ್ತಿರದ ಒಂದು ಊರಿನ ಬೇಸಾಯದ ಮನೆಯ ಹುಡುಗಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಒಂದೇ ರೂಮಿಗೆ ಬಿದ್ದೆವು. ಮೊದಲ ದಿನವೇ ಅವಳು ನನಗೆ ‘ಅಯ್ನೋರಮ್ಮ’ ಎಂದು ಹೆಸರಿಟ್ಟಳು. ನಾನು ಅವಳಿಗೆ ‘ಗೌಡ್ತಿ’ ಎಂದೆ. ಇಬ್ಬರಿಗೂ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮೂವತ್ತು ವರ್ಷದ ಮೇಲೂ ನಾವು ಒಬ್ಬರನ್ನೊಬ್ಬರು ಕರೆಯುವುದು ಹಾಗೆಯೇ. ಈ ಬರಹದಲ್ಲಿ ಅವಳ ನಿಜವಾದ ಹೆಸರು ಹಾಕಬಾರದೆಂದು ಅವಳೇ ತಾಕೀತು ಮಾಡಿದ್ದಾಳೆ. ಕ್ಷೇತ್ರದ ಹೆಸರು ಹೇಳಿದರೂ ಅವಳ ಹೆಸರು ಹೇಳಿದಂತೆಯೇ ಆಗುವುದರಿಂದ ಅದನ್ನೂ ಬಿಟ್ಟಿದ್ದೇನೆ.

ಆ ಹಾಸ್ಟೆಲಿನಲ್ಲಿ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಉಳಿದ ಅನ್ನದ ಚಿತ್ರಾನ್ನ. ನಾನು ಚುನಾವಣೆಗೆ ನಿಂತು ಸ್ವಚ್ಛತೆ, ಶಿಸ್ತು, ಸಮಯಪಾಲನೆ ಎಂದು ಅಚ್ಚುಕಟ್ಟಾದ ಭಾಷಣ ಮಾಡಿದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಅವಳು ಎದ್ದು ನಿಂತು ಒಂದೇ ಮಾತು ಹೇಳಿದಳು.

“ವಾರಕ್ಕೆರಡು ದಿನ ಮುದ್ದೆ, ಬಸ್ಸಾರು. ಆಗದಿದ್ರೆ ನಾನೇ ಒಲೆ ಮುಂದೆ ಕುಂತು ತಿರುವುತೀನಿ.”

ನನಗೆ ಬಿದ್ದ ಓಟುಗಳಲ್ಲಿ ಒಂದು ನನ್ನದು. ಮಿಕ್ಕ ಕೆಲವು ಯಾರವೆಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಮುದ್ದೆ ಮಾಡುತ್ತಿರಲಿಲ್ಲ. ಅದನ್ನು ಅಗಿಯದೆ ನುಂಗುವುದನ್ನು ನನಗೆ ಕಲಿಸಿದವಳು, ಚುನಾವಣೆಯಲ್ಲಿ ನನ್ನನ್ನು ಸೋಲಿಸಿದ ಅವಳೇ. “ಅಗೀಬ್ಯಾಡ ಕಣೆ, ಅದೇನು ಚಕ್ಕುಲಿನಾ? ಸಾರಲ್ಲಿ ಅದ್ದು, ಬುಡು, ಅದೇ ದಾರಿ ನೋಡ್ಕೊಂಡ್ ಓಯ್ತದೆ.”

ಕನ್ನಡ ಎಂ.ಎ. ಮಾಡಿ ಮೇಡಂ ಆಗಬೇಕೆಂದಿದ್ದ ನನಗೆ ಅವಳ ಬಾಯಲ್ಲಿ ‘ಹ’ಕಾರ ಇಲ್ಲದಿರುವುದು ದೊಡ್ಡ ಸವಾಲಾಗಿ ಕಂಡಿತು. ಅವಳಿಗೆ ಹಾಲು ಆಲು, ಹೂವು ಊವು, ಹಾಸನ ಆಸನ. ಸಂಜೆ ಹೊತ್ತು ಹಾಸ್ಟೆಲಿನ ತಾರಸಿಯ ಮೇಲೆ ಕೂರಿಸಿಕೊಂಡು “ಹಾ… ಹಾಸನ ಅನ್ನು” ಎಂದು ಪಾಠ ಮಾಡುತ್ತಿದ್ದೆ. ಅವಳು ಬಾಯಿ ಮುಂದೆ ಅಂಗೈ ಹಿಡಿದು, ಉಸಿರು ಬಿಟ್ಟು, ಕಷ್ಟಪಟ್ಟು “ಹಾಸನ” ಎನ್ನುವಳು. ಆ ಗೆಲುವಿನ ಸಂತೋಷದಲ್ಲಿ ಮರುಕ್ಷಣವೇ “ಹಿವತ್ತು ಹೂಟಕ್ಕೇನು?” ಎಂದು ಕೇಳುವಳು. ಇಲ್ಲದ ಕಡೆಯೆಲ್ಲ ‘ಹ’ ಬಂದು ಕೂರುತ್ತಿತ್ತು. ಆ ಕೈಂಕರ್ಯವನ್ನು ನಾನು ಅಲ್ಲಿಗೇ ನಿಲ್ಲಿಸಿದೆ.

ಡಿಗ್ರಿ ಮುಗಿಯುತ್ತಲೇ ಅವಳಿಗೆ ಅರಕಲಗೂಡಿನ ಕಡೆಯ ಸಂಬಂಧ ಕೂಡಿಬಂತು. ಗಂಡ ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವ ಮನೆಯ ಒಬ್ಬನೇ ಮಗ. ಬಹಳ ಮೆದು ಮನುಷ್ಯ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಕುತ್ತಿಗೆಯ ಟವೆಲ್ಲಿನ ಅಂಚು ಹೊಸೆಯುತ್ತ ನಿಂತುಬಿಡುತ್ತಿದ್ದರು. ಅವರಿಗೆ ನಿಜವಾಗಿ ಇಷ್ಟವಿದ್ದದ್ದು ಅಡುಗೆ. ಊರಲ್ಲಿ ಯಾರ ಮನೆ ಮದುವೆಯಿದ್ದರೂ ಭಟ್ಟರಿಗಿಂತ ಮೊದಲು ಒಲೆಯ ಹತ್ತಿರ ಹೋಗಿ ನಿಲ್ಲುವವರು. ಮನೆಯ ಯಜಮಾನಿಕೆ ಅವರ ತಾಯಿಯದು. ಆಯಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಹೊಲ, ಮನೆ, ಮಗ ಮೂರನ್ನೂ ನಿಭಾಯಿಸಿದವರು. ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ನಾವೆಲ್ಲ ಅವರನ್ನು ಅತ್ತೆಮ್ಮ ಎನ್ನುತ್ತಿದ್ದೆವು.

ಮೂರು ನಾಲ್ಕು ವರ್ಷ ಕಳೆಯಿತು. ನಾನು ಚನ್ನರಾಯಪಟ್ಟಣದ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆದೆ. ರಜೆ ಸಿಕ್ಕರೆ ಅವಳ ಮನೆಗೆ ಹೋಗುವುದು ರೂಢಿ. ಹಾಗೆ ಹೋಗಿದ್ದ ಒಂದು ದಿನವೇ ಅವಳ ರಾಜಕೀಯ ಶುರುವಾದದ್ದು. ಜಿಲ್ಲಾ ಪಂಚಾಯ್ತಿಯಲ್ಲಿ ಹೆಂಗಸರಿಗೆ ಮೀಸಲಾತಿ ಬಂದಿತ್ತು. ಆ ಭಾಗದ ಸೀಟು ಹೆಂಗಸರಿಗೆ ಹೋಗಿತ್ತು. ಪಕ್ಷದ ಹಿರಿಯರು ನಾಲ್ಕೈದು ಜನ ಬೆಳಿಗ್ಗೆಯೇ ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿದರು. ಅವರಲ್ಲಿ ಮುಂದಾಳಿನಂತಿದ್ದವರು ಅವಳ ಗಂಡನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ನೋಡಪ್ಪ, ನಿಮ್ಮಪ್ಪ ಒಳ್ಳೆ ಎಸ್ರು ಮಾಡಿದ್ರು. ಬಿ ಫಾರಮ್ಮಲ್ಲಿ ಎಸ್ರು ನಿನ್ನೆಂಡ್ರುದು ಇರ್ತದೆ ಅಷ್ಟೆ. ಓಡಾಟ, ಮೀಟಿಂಗು, ಕೆಲ್ಸ ಎಲ್ಲ ನಿಂದೇ.”

ಅವಳ ಗಂಡನ ಮುಖ ಬಾಡಿಹೋಯಿತು. ಟವೆಲ್ಲಿನ ಅಂಚು ಕೈಗೆ ಬಂತು. ಗೆಳತಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ನಾನು ಅವಳ ಹಿಂದೆ. ಅಷ್ಟರಲ್ಲಿ ಒಳಗಿಂದ ಅತ್ತೆಮ್ಮ ಸೀರೆಯ ಸೆರಗಿಗೆ ಕೈ ಒರೆಸುತ್ತ ಜಗಲಿಗೆ ಬಂದರು.

“ಏನಂದ್ರಿ ಗೌಡ್ರೆ? ಎಸ್ರು ಇವಳ್ದು, ಕೆಲ್ಸ ಅವನ್ದಾ? ಸಂತೇಲಿ ಎರಡು ಮೂಟೆ ಆಲೂಗಡ್ಡೆ ಮಾರೋಕೆ ಇವನಿಗೆ ಬಾಯಿ ಬರಾಕಿಲ್ಲ. ಮೀಟಿಂಗಲ್ಲಿ ಏನ್ ಮಾತಾಡ್ತಾನೆ? ಅವಳು ಓದವಳೆ, ಬಾಯೈತೆ, ಯಾರ್ಗೂ ಎದ್ರಾಕಿಲ್ಲ. ನನಗೇ ಎದುರ್ ಮಾತಾಡ್ತಾಳೆ! ನಿಲ್ಲೋಳೂ ಅವಳೇ, ಮಾಡೋಳೂ ಅವಳೇ. ಒಪ್ಪಿದ್ರೆ ಇನ್ನೊಂದ್ಲೋಟ ಕಾಫಿ ಕುಡ್ಕೊಂಡ್ ಓಗಿ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇನ್ನೊಂದು ಲೋಟ ಕಾಫಿ ಕುಡಿದರು. ಗೆಳತಿ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಸಂಜೆಯವರೆಗೂ ಅಲ್ಲಿ ಬೆರಳಿನ ಗುರುತು ಇತ್ತು. ಅವಳ ಗಂಡನ ಮುಖದಲ್ಲಿ ಕಂಡಂಥ ನೆಮ್ಮದಿಯನ್ನು ನಾನು ಮತ್ತೆಂದೂ ಯಾರಲ್ಲೂ ಕಂಡಿಲ್ಲ.

ಪ್ರಚಾರಕ್ಕೆ ಕೆಲವು ದಿನ ನಾನೂ ಜೊತೆಗೆ ಹೋದೆ. ಜೀಪಿನಲ್ಲಿ ಗಂಡಸರ ಗುಂಪು. ಅವರ ನಡುವೆ ನಾವು ಮೂವರು ಹೆಂಗಸರು: ಅವಳು, ಅತ್ತೆಮ್ಮ, ನಾನು. ಮೊದಲ ದಿನ ಹೊರಡುವಾಗಲೇ ಅತ್ತೆಮ್ಮ ಎಚ್ಚರಿಸಿದರು. “ನೀರು ಜಾಸ್ತಿ ಕುಡೀಬ್ಯಾಡಿ ಕಣ್ರವ್ವ.” ಅದರ ಅರ್ಥ ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಗಂಡಸರು ಬೇಕಾದಲ್ಲಿ ಜೀಪು ನಿಲ್ಲಿಸಿ ಮರದ ಮರೆಗೆ ಹೋಗಿ ಬರುತ್ತಿದ್ದರು. ನಾವು ಹಲ್ಲು ಕಚ್ಚಿ ಕೂರಬೇಕು. ಒಂದು ಊರಿನಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಊರಿನ ಮುಖಂಡರು ಅರಳಿಕಟ್ಟೆಯ ಮೇಲೆ ಹಾರ ಹಿಡಿದು ನಿಂತಿದ್ದಾರೆ. ಇವಳು ಅವರಿಗೆ ಕೈಮುಗಿದು, ನೆಟ್ಟಗೆ ಎದುರಿನ ಮನೆಯೊಳಗೆ ನುಗ್ಗಿದಳು. ಅಡುಗೆಮನೆ ದಾಟಿ ಹಿತ್ತಲಿಗೆ ಹೋದಳು. ನಾನೂ ಅತ್ತೆಮ್ಮನೂ ಹಿಂದೆಯೇ ಹೋದೆವು.

ಆ ಮನೆಯ ಬಚ್ಚಲು ಉಪಯೋಗಿಸಿ ಹೊರಬಂದಾಗ ಹಿತ್ತಲಿನಲ್ಲಿ ಆ ಮನೆಯ ಹೆಂಗಸರ ಜೊತೆ ಅಕ್ಕಪಕ್ಕದ ಮನೆಯವರೂ ಸೇರಿದ್ದರು. ಓಟು ಕೇಳುವವರು ಇದುವರೆಗೆ ಅಷ್ಟು ಒಳಗೆ ಬಂದದ್ದೇ ಇಲ್ಲವಂತೆ. ಜಗಲಿಯಲ್ಲಿ ಗಂಡಸರನ್ನು ಮಾತಾಡಿಸಿ ಹಾಗೇ ಹೋಗುತ್ತಿದ್ದರಂತೆ. ಒಬ್ಬ ಮುದುಕಿ ನಗುತ್ತ, “ನೀನೂ ನಮ್ಮಂಗೇ ತಡ್ಕೊಂಡ್ ತಿರುಗ್ತೀಯೇನವ್ವ?” ಎಂದಳು.

“ಇನ್ನೇನ್ ಮಾಡದವ್ವ? ಓಟ್ಗೆ ನಿಂತೋರಿಗೆ ದೇವ್ರು ಬ್ಯಾರೆ ಒಟ್ಟೆ ಕೊಟ್ಟವ್ನಾ?”

ಹಿತ್ತಲು ತುಂಬ ನಗು. ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಕೊಳವೆ ಬಾವಿಯ ಹ್ಯಾಂಡಲ್ ಮುರಿದದ್ದು, ಹೆರಿಗೆಗೆ ಹಾಸನಕ್ಕೆ ಹೋಗಲು ಬಸ್ಸಿಲ್ಲದ್ದು, ಸ್ಕೂಲಿನ ಹುಡುಗಿಯರು ಮಧ್ಯಾಹ್ನ ಮನೆಗೆ ಓಡಿಬಂದು ಮತ್ತೆ ಹೋಗದೆ ಉಳಿಯುವುದು, ಎಲ್ಲವೂ ಬಂತು. ಅಷ್ಟು ಹೊತ್ತು ಹಾರ ಹಿಡಿದು ನಿಂತಿದ್ದ ಮುಖಂಡರಿಗೆ ಕೋಪ ಬಂದಿತ್ತು. ಹಾರದ ಹೂವೂ ಬಾಡಿತ್ತು. ಆದರೆ ಅವತ್ತು ಸಂಜೆ ಅವಳು ಜೀಪಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. “ಅಯ್ನೋರಮ್ಮ, ಓಟಿರೋದು ಜಗಲೀಲಲ್ಲ ಕಣೆ, ಇತ್ಲಲ್ಲಿ.”

ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಗಂಡಸರು ಕಟ್ಟೆಯ ಮೇಲೆ ಭಾಷಣ ಮಾಡುತ್ತಿದ್ದರೆ ಇವಳು ಮನೆಯಿಂದ ಮನೆಗೆ ಹಿತ್ತಲಿನ ದಾರಿಯಲ್ಲೇ ಓಡಾಡುವಳು. ಬೇಲಿ ದಾಟುವಳು, ಹಸುವಿನ ಕೊಟ್ಟಿಗೆಯಲ್ಲಿ ನಿಂತು ಮಾತಾಡುವಳು, ಒಲೆಯ ಮುಂದೆ ಕೂತು ಬೀಸಣಿಗೆ ಬೀಸುವಳು. ಎದುರು ಪಕ್ಷದವರು ಇವಳು ಊರಿಗೆ ಬಂದದ್ದನ್ನೇ ಗಮನಿಸಿರಲಿಲ್ಲ. ಎಣಿಕೆಯ ದಿನ ಅವಳು ಸುಲಭವಾಗಿ ಗೆದ್ದಾಗ ಅವರಿಗೆ ಎಲ್ಲಿಂದ ಏಟು ಬಿತ್ತೆಂದೇ ತಿಳಿಯಲಿಲ್ಲ.

ಹಾಸನದಲ್ಲಿ ನಡೆದ ಮೊದಲ ಸಭೆಯ ಕಥೆಯನ್ನು ಅವಳೇ ಹೇಳಿದ್ದು. ಹೊಸ ಸದಸ್ಯೆಯರಲ್ಲಿ ಅನೇಕರ ಪಕ್ಕದಲ್ಲಿ ಅವರವರ ಗಂಡಂದಿರು ಕುರ್ಚಿ ಎಳೆದುಕೊಂಡು ಕೂತಿದ್ದರಂತೆ. ಉತ್ತರ ಕೊಡುವವರು, ಕೈ ಎತ್ತುವವರು ಅವರೇ. ಇವಳ ಗಂಡನೂ ದಾರಿ ಕಾಣದೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಇವಳು ತಿರುಗಿ, ಎಲ್ಲರಿಗೂ ಕೇಳುವಂತೆ, “ರೀ, ಇಲ್ಲಿ ಕುಂತೇನ್ ಮಾಡ್ತೀರಿ? ಮಾರ್ಕೆಟ್ಟಲ್ಲಿ ಒಳ್ಳೆ ಕೊತ್ತಂಬರಿ ಬಂದಿರ್ತದೆ, ಓಗಿ ತಕ್ಕಬನ್ನಿ” ಎಂದಳು. ಅವರು ಬಿಡುಗಡೆ ಸಿಕ್ಕವರಂತೆ ಎದ್ದು ಹೊರಟರು. ಪಕ್ಕದಲ್ಲಿದ್ದ ಸದಸ್ಯೆ ಸ್ವಲ್ಪ ಹೊತ್ತು ಯೋಚಿಸಿ ತನ್ನ ಗಂಡನಿಗೆ, “ನೀವೂ ಓಗಿ, ನಮ್ಗೂ ಎರಡ್ ಕಟ್ಟು ತನ್ನಿ” ಎಂದರಂತೆ. ಅವತ್ತು ಹಾಸನದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿಗೆ ಭಾರೀ ಗಿರಾಕಿ ಎಂದು ಅವಳು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ಆ ಅವಧಿಯಲ್ಲಿ ಅವಳು ದುಡಿದ ರೀತಿ ನೋಡಿ ಪಕ್ಷದವರು ವಿಧಾನಸಭೆಗೆ ಟಿಕೆಟ್ ಕೊಟ್ಟರು. ಬಹುಶಃ ಸೋಲುವ ಸೀಟೆಂದೇ ಕೊಟ್ಟರು. ಆ ಚುನಾವಣೆಯಲ್ಲಿ ನನಗೆ ಹಿರೀಸಾವೆ ಕಡೆ ಮತಗಟ್ಟೆಯ ಡ್ಯೂಟಿ ಬಿದ್ದಿತ್ತು. ನಾನು ಯಾರದೋ ಬೆರಳಿಗೆ ಶಾಯಿ ಹಚ್ಚುತ್ತ, ಮನಸ್ಸನ್ನು ಅವಳ ಕ್ಷೇತ್ರದಲ್ಲಿಟ್ಟು ಕೂತಿದ್ದೆ. ಫಲಿತಾಂಶದ ದಿನ ಶಾಲೆಯ ಆಫೀಸಿಗೆ ಫೋನು ಬಂತು. ಆ ಕಡೆಯಿಂದ ಮಾತೇ ಇಲ್ಲ, ಬರೀ ಪಟಾಕಿಯ ಸದ್ದು. ಆಮೇಲೆ ಅವಳ ದನಿ. “ಅಯ್ನೋರಮ್ಮ, ಗೆದ್ಬುಟ್ಟೆ ಕಣೆ! ಈಗೇನ್ ಮಾಡದು?”

ಅವಳ ಮೊದಲ ಭಾಷಣಕ್ಕೆ ನಮ್ಮನ್ನು ವಿಧಾನಸೌಧದ ಗ್ಯಾಲರಿಗೆ ಕರೆಸಿಕೊಂಡಳು. ಭಾಷಣ ನಾನೇ ಬರೆದುಕೊಟ್ಟಿದ್ದೆ. ಒಂದು ವಾರ ಕೂತು, ಹಳಗನ್ನಡದ ಘಮಲು ಬರುವಂತೆ, ಹೇಮಾವತಿಯ ತೀರ, ಹೊಯ್ಸಳರ ಶಿಲ್ಪ ಎಲ್ಲ ಸೇರಿಸಿ ಬರೆದ ಭಾಷಣ. ಅತ್ತೆಮ್ಮ, ಅವಳ ಗಂಡ ಅರಕಲಗೂಡಿನಿಂದ ಕಾರಿನಲ್ಲಿ ಬಂದು ಚನ್ನರಾಯಪಟ್ಟಣದಲ್ಲಿ ನನ್ನನ್ನು ಹತ್ತಿಸಿಕೊಂಡರು. ಹಿರೀಸಾವೆಯ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅವಳ ಗಂಡ ಚಟ್ನಿಗೆ ಹುರಿಗಡಲೆ ಹೆಚ್ಚಾಯಿತೆಂದು ಬೆಂಗಳೂರು ಮುಟ್ಟುವವರೆಗೂ ಕೊರಗಿದರು.

ಗ್ಯಾಲರಿಯಲ್ಲಿ ಮಾತಾಡುವಂತಿಲ್ಲ ಎಂದು ಅಲ್ಲಿನ ಸಿಬ್ಬಂದಿ ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆಮ್ಮ ಕೆಳಗೆ ಬಗ್ಗಿ ನೋಡಿ, ಊಟದ ನಂತರದ ಆ ಹೊತ್ತಿನಲ್ಲಿ ಕಣ್ಣುಮುಚ್ಚಿ ಕೂತಿದ್ದ ಒಬ್ಬಿಬ್ಬರನ್ನು ಕಂಡು ಪಿಸುಗುಟ್ಟಿದರು. “ಇಂಗೆ ತೂಕಡ್ಸಕ್ಕೆ ಬೆಂಗ್ಳೂರ್ಗೇ ಬರಬೇಕಿತ್ತಾ? ಮನೇಲಿ ಚಾಪೆ ಇರ್ಲಿಲ್ವಾ?”

ಅವಳ ಸರದಿ ಬಂತು. ತಿಳಿಹಸಿರು ಸೀರೆ ಉಟ್ಟಿದ್ದಳು. ಕೈಯಲ್ಲಿ ನಾನು ಬರೆದ ಹಾಳೆಗಳಿದ್ದವು. “ಮಾನ್ಯ ಸಭಾಧ್ಯಕ್ಷರೆ, ಶಿಲ್ಪಕಲೆಯ ತವರಾದ ಆಸನ…” ಎಂದಳು. ಎದುರು ಸಾಲಿನಿಂದ ಹಿರಿಯ ಸದಸ್ಯರೊಬ್ಬರು ಕೂತಲ್ಲಿಂದಲೇ ನಗುತ್ತ ಕೇಳಿದರು:

“ಮಾನ್ಯ ಸದಸ್ಯೆಯರು ಆಸನ ಕೇಳುತ್ತಿದ್ದಾರೋ, ಹಾಸನದ ವಿಚಾರ ಹೇಳುತ್ತಿದ್ದಾರೋ?”

ಸಭೆಯೆಲ್ಲ ನಕ್ಕಿತು. ಅವಳು ಹಾಳೆಗಳನ್ನು ಮಡಿಸಿ ಮೇಜಿನ ಮೇಲಿಟ್ಟಳು.

“ಮೊದ್ಲು ಆಸನ ಸಿಕ್ಕಿದ್ರೆ ತಾನೆ ಸಾ, ಆಮೇಲೆ ಆಸನದ ಇಚಾರ ಮಾತಾಡೋಕಾಗದು? ನಮ್ಮೆಣ್ಮಕ್ಕಳಿಗೆ ಇಲ್ಲಿ ಆಸನ ಸಿಕ್ಕಿರೋದೇ ಬೆರಳೆಣಿಕೆ.”

ಈ ಸಲ ನಕ್ಕ ನಗು ಬೇರೆ ಥರದ್ದು. ಕೇಳಿದ ಹಿರಿಯರೇ ಮೇಜು ತಟ್ಟಿದರು. ಆಮೇಲೆ ಅವಳು ಕಾಗದ ಮುಟ್ಟಲಿಲ್ಲ. ಬಸ್ ಸ್ಟ್ಯಾಂಡುಗಳ ಬಗ್ಗೆ ಮಾತಾಡಿದಳು. ನಮ್ಮ ಕಡೆಯ ಸಣ್ಣ ಪೇಟೆಗಳ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಕಕ್ಕಸಿಲ್ಲ, ಇದ್ದರೆ ಬೀಗ, ಬೀಗ ತೆಗೆದರೆ ನೀರಿಲ್ಲ. ಕಾಲೇಜಿಗೆ ಹೋಗುವ ಹುಡುಗಿ, ಸಂತೆಗೆ ಹೋಗುವ ಹೆಂಗಸು, ಬಾಣಂತಿ, ಎಲ್ಲರೂ ಬೆಳಿಗ್ಗೆಯಿಂದ ನೀರು ಕುಡಿಯದೆ ಮನೆ ಬಿಡುತ್ತಾರೆ. ಮೊದಲು ಕೆಲವರು ಮುಸಿಮುಸಿ ನಕ್ಕರು. ಅವಳು ನಿಲ್ಲಿಸಿ ಅವರತ್ತ ತಿರುಗಿದಳು. “ನಗ್ರಿ ಸಾ, ಪರ್ವಾಗಿಲ್ಲ. ಇವತ್ತು ಮನೇಗೋಗಿ ನಿಮ್ಮನೆ ಎಣ್ಮಕ್ಕಳನ್ನ ಒಂದ್ಸಲ ಕೇಳಿ, ಬಸ್ಸಲ್ಲಿ ಓಗ್ವಾಗ ಎಂಗ್ ಮಾಡ್ತೀರಿ ಅಂತ. ಅವ್ರೇನಾರ ನಕ್ರೆ ನಾನು ನಾಳೆಯಿಂದ ಈ ಮಾತೆತ್ತಾಕಿಲ್ಲ.” ನಗು ನಿಂತಿತು. ತೂಕಡಿಸುತ್ತಿದ್ದವರೂ ಎದ್ದು ಕೂತಿದ್ದರು.

ನನ್ನ ಹೊಯ್ಸಳರೂ ಹೇಮಾವತಿಯೂ ಮೇಜಿನ ಮೇಲೆಯೇ ಉಳಿದರು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಹೊರಗೆ ಬಂದು ಮೆಟ್ಟಿಲ ಮೇಲೆ ಅವಳು ನನ್ನನ್ನು ತಬ್ಬಿಕೊಂಡು, “ನಿನ್ ಬರವಣಿಗೆ ತುಂಬಾ ಚೆಂದಿತ್ತು ಕಣೆ, ನನ್ ಬಾಯ್ಗೆ ಇಡೀಲಿಲ್ಲ” ಎಂದಾಗ ನಗು ಬಂತು. ಅತ್ತೆಮ್ಮನನ್ನು ಕೇಳಿದೆ. “ಹೇಗಿತ್ತು ಸೊಸೆ ಭಾಷಣ?” ಕಾರಿನಲ್ಲಿ ಬಹಳ ಹೊತ್ತಿನ ಮೇಲೆ, “ಅಂತೂ ನಿದ್ದೆ ಮಾಡೋರ್ನ ಎಬ್ಬಿಸಿದ್ಲು” ಎಂದರು. ಆ ಮನೆಯಲ್ಲಿ ಅದು ದೊಡ್ಡ ಸನ್ಮಾನ.

ಆ ಮಾತು ಬೆನ್ನು ಹತ್ತಿ ಅವಳು ಎಷ್ಟು ಕಚೇರಿ ಅಲೆದಳೋ ನನಗೆ ತಿಳಿಯದು. ಎರಡನೆಯ ವರ್ಷ ಅವಳ ಕ್ಷೇತ್ರದ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆಂದೇ ಹೊಸ ಕಟ್ಟಡ ಎದ್ದಿತು. ಉದ್ಘಾಟನೆಗೆ ನನ್ನನ್ನೂ ಕರೆದಿದ್ದಳು. ಗೋಡೆಗೆ ಹಾಕುವ ಕಲ್ಲಿನಲ್ಲಿ ಶಾಸಕಿಯ ಹೆಸರೇ ಇರಲಿಲ್ಲ. ಇಂಥ ಜಾಗದಲ್ಲಿ ಹೆಸರು ಬೇಡವೆಂದುಕೊಂಡು ಇಂಜಿನಿಯರು ಮರ್ಯಾದೆಗಾಗಿ ಬಿಟ್ಟಿದ್ದರು.

“ಮೇಡಂ, ಇದು ಹೇಳಿ ಕೇಳಿ ಟಾಯ್ಲೆಟ್ಟು. ಮುಂದೆ ಸಮುದಾಯ ಭವನ ಆಗ್ತದಲ್ಲ, ಅದಕ್ಕೆ ದೊಡ್ಡದಾಗಿ ಹಾಕಿಸೋಣ.”

“ಯಾಕ್ರೀ, ನಾನೇನು ಸಮುದಾಯ ಭವನ ಕೇಳಿದ್ನಾ? ಕೇಳಿದ್ದು ಇದನ್ನೇ. ಇದಕ್ಕೇ ಆಕ್ಸಿ, ದೊಡ್ಡದಾಗಿ.”

ಒಂದು ವಾರ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಹೊಸ ಕಲ್ಲು ಬಂತು, ಹೆಸರು ಬಂತು. ಟೇಪು ಕತ್ತರಿಸಿಯಾದ ಮೇಲೆ ಒಂದು ಮುಜುಗರ ಎದುರಾಯಿತು. ಸಮುದಾಯ ಭವನವಾದರೆ ಎಲ್ಲರೂ ಒಳಗೆ ಹೋಗಿ ನೋಡುತ್ತಾರೆ. ಇಲ್ಲಿ ಯಾರು ಹೋಗುವುದು? ವಾಲಗದವರು ಊದುತ್ತಲೇ ಇದ್ದಾರೆ, ಅಧಿಕಾರಿಗಳು ಆಕಾಶ ನೋಡುತ್ತಿದ್ದಾರೆ. ಅತ್ತೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ನಾನ್ ಓಗ್ಬತ್ತೀನಿ” ಎಂದು ನಡೆದೇಬಿಟ್ಟರು. ವಾಲಗ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದು, ಒದ್ದೆ ಕೈ ಝಾಡಿಸಿ, ನೆರೆದ ಜನಕ್ಕೆಲ್ಲ ಹೇಳಿದರು.

“ನೀರ್ ಬತ್ತದೆ!”

ಆ ಚಪ್ಪಾಳೆಯಂಥ ಚಪ್ಪಾಳೆ ಅವಳ ಯಾವ ಭಾಷಣಕ್ಕೂ ಬಿದ್ದಿಲ್ಲ.

ವಿರೋಧಿಗಳಿಗೆ ಇಷ್ಟು ಸಾಕಾಯಿತು. ಅವಳನ್ನು ‘ಕಕ್ಕಸಿನ ಎಮ್ಮೆಲ್ಲೆ’ ಎನ್ನತೊಡಗಿದರು. ಗೋಡೆಗಳ ಮೇಲೆ ಬರೆದರು. ಅವಳ ಗಂಡ ಬಹಳ ನೊಂದುಕೊಂಡರು. ಅವಳು ಮಾತ್ರ, “ಬರೀಲಿ ಬುಡ್ರಿ. ಸುಳ್ಳೇನ್ ಬರ್ದಿಲ್ವಲ್ಲ” ಎಂದಳು. ಮುಂದಿನ ಚುನಾವಣೆ ಬರುವ ಹೊತ್ತಿಗೆ ಆ ಕಡೆಯ ಇನ್ನೂ ಒಂದೆರಡು ಪೇಟೆಗಳಲ್ಲಿ, ಹೆಣ್ಣುಮಕ್ಕಳ ಶಾಲೆಗಳಲ್ಲಿ ಅಂಥವೇ ಕಟ್ಟಡಗಳು ಎದ್ದಿದ್ದವು.

ಇಷ್ಟಾದರೂ ಆ ಚುನಾವಣೆಯಲ್ಲಿ ಅವಳು ಸೋತಳು. ಆ ಸಲ ರಾಜ್ಯದಲ್ಲಿ ಗಾಳಿ ಬೇರೆ ಕಡೆ ಬೀಸಿತ್ತು. ಅವಳ ಪಕ್ಷದ ಎಷ್ಟೋ ಜನ ಸೋತಿದ್ದರು. ಎಣಿಕೆ ಹಾಸನದಲ್ಲಿ. ಆ ದಿನ ನಾನೂ ಹಾಸನದಲ್ಲೇ ಇದ್ದೆ, ಹತ್ತನೆಯ ತರಗತಿಯ ಪರೀಕ್ಷೆಯ ಪೇಪರು ತಿದ್ದುವ ಕೆಲಸಕ್ಕೆ. ಮಧ್ಯಾಹ್ನದ ಬಿಡುವಿನಲ್ಲಿ ಅವಳ ಫೋನು ಬಂತು. ಅಷ್ಟರಲ್ಲಿ ನನ್ನ ಬಳಿಯೂ ಒಂದು ಸಣ್ಣ ಮೊಬೈಲು ಇತ್ತು.

“ಅಯ್ನೋರಮ್ಮ, ಸೋತೋದೆ ಕಣೆ.”

ನಾನು ಮೊಬೈಲು ಹಿಡಿದು ವರಾಂಡದ ಮೂಲೆಗೆ ಹೋದೆ.

“ಅದಿರ್ಲಿ. ಇಲ್ಲಿ ನಮ್ಮೆಜಮಾನ್ರು ಗೆದ್ದೇ ಗೆಲ್ತೀವಿ ಅಂತ ಛತ್ರದಲ್ಲಿ ಒಬ್ಬಟ್ಟು ಮಾಡ್ಸವ್ರೆ. ಗುಡ್ಡೆ ಬಿದ್ದೈತೆ. ಒಬ್ರೂ ಇಲ್ಲ. ಎಲ್ಲ ಗೆದ್ದೋರ ಮೆರವಣಿಗೆಗೆ ಓಗವ್ರೆ. ನೀನು ಉಂಡ್ಯಾ?”

ನಾನು ಉಂಡಿರಲಿಲ್ಲ. ನಮ್ಮಲ್ಲಿ ಯಾರೂ ಉಂಡಿರಲಿಲ್ಲ. ಎಣಿಕೆಯ ಗದ್ದಲಕ್ಕೆ ಅಕ್ಕಪಕ್ಕದ ಹೋಟೆಲುಗಳೆಲ್ಲ ತುಂಬಿಹೋಗಿದ್ದವು. ನಾನು ಪೇಪರು ತಿದ್ದುತ್ತಿದ್ದ ಕೋಣೆಗೆ ಹೋಗಿ, “ಒಬ್ಬಟ್ಟಿನ ಊಟಕ್ಕೆ ಯಾರು ಬರ್ತೀರಿ?” ಎಂದೆ. ಕೋಣೆಯೇ ಎದ್ದು ನಿಂತಿತು. ಮೇಡಂಗಳು, ಮೇಷ್ಟ್ರುಗಳು, ಕೆಂಪು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ಬಿಸಿಲಿನಲ್ಲಿ ಛತ್ರದ ಕಡೆ ನಡೆದೆವು.

ಅವಳು ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಗಿತ್ತು. ಅತ್ತಿದ್ದಳು, ಮುಖ ತೊಳೆದಿದ್ದಳು. ಅಷ್ಟು ಜನರನ್ನು ಕಂಡು ಅವಳ ಗಂಡ ಓಡಿಬಂದರು. ಎಲೆ ಹಾಕಿದರು. ಅತ್ತೆಮ್ಮ ತುಪ್ಪದ ಪಾತ್ರೆ ಹಿಡಿದರು. ಅವಳು ಸೆರಗು ಸಿಕ್ಕಿಸಿ ಒಬ್ಬಟ್ಟು ಬಡಿಸಲು ಬಂದಳು. ಮೇಷ್ಟ್ರುಗಳಿಗೆ ಸಂಕೋಚ. “ಎಮ್ಮೆಲ್ಲೆ ಮೇಡಂ, ನೀವು ಬಡಿಸೋದಾ?” “ಈಗ್ ನಾನು ಎಮ್ಮೆಲ್ಲೆ ಅಲ್ಲ ಸಾ, ಧೈರ್ಯವಾಗಿ ಇನ್ನೊಂದ್ ಆಕ್ಕಳಿ” ಎಂದಳು.

ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಗಣಿತದ ಮೇಷ್ಟ್ರು ಎರಡನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಗಂಭೀರವಾಗಿ ಹೇಳಿದರು. “ತಾಯಿ, ಬೆಳಿಗ್ಗೆಯಿಂದ ಪೇಪರ್ ತಿದ್ದುತಾ ಇದ್ದೀವಿ. ನಮ್ಮ ಲೆಕ್ಕದಲ್ಲಿ ಫೇಲು ಅನ್ನೋದೇ ಇಲ್ಲ. ಸಪ್ಲಿಮೆಂಟರಿ ಅಂತ ಒಂದಿರ್ತದೆ.”

ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನಕ್ಕಳು. ಅವತ್ತು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಮೊದಲು. ಅವಳ ಗಂಡನ ಒಬ್ಬಟ್ಟು ಖಾಲಿಯಾಯಿತು, ಸಾರೂ ಖಾಲಿಯಾಯಿತು. ಮೇಷ್ಟ್ರುಗಳು ಹೋಗುವಾಗ ಅಡುಗೆಯನ್ನು ಹೊಗಳಿದರು. ಚುನಾವಣೆಯ ಮಾತೇ ಯಾರೂ ಎತ್ತಲಿಲ್ಲ. ಹೆಂಡತಿ ಸೋತ ದಿನ ತಾನು ಗೆದ್ದಂತಾಯಿತಲ್ಲ ಎಂದು ಅವಳ ಗಂಡನಿಗೆ ಒಂದು ಥರದ ಪಾಪಪ್ರಜ್ಞೆ, ಒಳಗೊಳಗೇ ಸಂತೋಷ. ನಾವು ಮಧ್ಯಾಹ್ನ ತಿದ್ದಿದ ಪೇಪರುಗಳಲ್ಲಿ ಮಕ್ಕಳಿಗೆ ಒಂದೆರಡು ಅಂಕ ಧಾರಾಳವಾಗಿಯೇ ಸಿಕ್ಕಿರಬೇಕು.

ಕೆಲವು ದಿನ ಅವಳು ಮನೆಯಿಂದ ಹೊರಬೀಳಲಿಲ್ಲವಂತೆ. ಒಂದು ಬೆಳಿಗ್ಗೆ ಅತ್ತೆಮ್ಮ ಹೊದಿಕೆ ಎಳೆದು, “ಸೋತಿದ್ದು ಎಮ್ಮೆಲ್ಲೆ. ಈ ಮನೆ ಸೊಸೆ ಏನು ಸೋತಿಲ್ಲ. ಬಿತ್ತನೆ ಆಲೂಗಡ್ಡೆ ಬಂದವಂತೆ, ಆಸನಕ್ಕೋಗಿ ತಕ್ಕಬಾ” ಎಂದರು. ಗಂಡ ಹೆಂಡತಿ ಇಬ್ಬರೂ ಮಾರುಕಟ್ಟೆಗೆ ಹೋಗಿ ಬೇರೆ ರೈತರ ಜೊತೆ ಸಾಲಿನಲ್ಲಿ ನಿಂತರು. ಸಾಲು ಮುಂದೆ ಹೋಗುತ್ತಲೇ ಇಲ್ಲ. ಮೋಡ ಕಟ್ಟಿದೆ, ಬಿತ್ತನೆಗೆ ಹೊತ್ತಾಗುತ್ತಿದೆ, ಒಳಗೆ ಮಾತ್ರ ಯಾರೋ ಕೆಲವರಿಗೆ ಮೂಟೆಗಳು ಹೋಗುತ್ತಿವೆ. ಅವಳು ತಲೆಯ ಮೇಲೆ ಸೆರಗು ಹೊದ್ದು ಸುಮ್ಮನೆ ನಿಂತಿದ್ದಳು. ಮುಂದೆ ನಿಂತಿದ್ದ ಹೆಂಗಸೊಬ್ಬಳು ತಿರುಗಿ ಗುರುತು ಹಿಡಿದಳು.

“ಅಯ್ಯೋ, ನಮ್ಮಕ್ಕ ಅಲ್ವಾ? ಏನಕ್ಕ ಇಂಗೆ ಸುಮ್ನೆ ನಿಂತಿದ್ದೀಯ? ಒಳೀಕೋಗಿ ಕೇಳು!”

“ನಾನೀಗ ಎಮ್ಮೆಲ್ಲೆ ಅಲ್ಲ ಕಣವ್ವ.”

“ಎಮ್ಮೆಲ್ಲೆನೇ ಕೇಳಬೇಕು ಅಂತ ಐತಾ? ಬಾ, ನಾನೂ ಬತ್ತೀನಿ.”

ಅವಳು ಹೋದಳು. ಹಿಂದೆ ಆ ಹೆಂಗಸು, ಅವಳ ಹಿಂದೆ ಇಡೀ ಸಾಲು. ಒಳಗೆ ಏನು ಮಾತಾಯಿತೆಂದು ಅವಳು ನನಗೆ ಫೋನಿನಲ್ಲಿ ಪೂರ್ತಿ ವಿವರಿಸಿದಳು. ಬಹಳ ದಿನದ ಮೇಲೆ ಅವಳ ದನಿಯಲ್ಲಿ ಹಳೆಯ ಹುರುಪು ಕೇಳಿತು. ಸಾಲಿನಲ್ಲಿ ನಿಂತವರಿಗೇ ಮೊದಲು ಕೊಡಬೇಕೆಂದು ಪಟ್ಟು ಹಿಡಿದಳಂತೆ. ಮಧ್ಯಾಹ್ನದೊಳಗೆ ಸಾಲಿನಲ್ಲಿದ್ದ ಎಲ್ಲರಿಗೂ ಬಿತ್ತನೆ ಸಿಕ್ಕಿತಂತೆ. ಅವಳ ಗಂಡ ಎಲ್ಲಿದ್ದರು ಎಂದು ಕೇಳಿದೆ. ಮೂಟೆಗಳನ್ನು ಟೆಂಪೋಗೆ ಏರಿಸಿ, ಹೋಟೆಲಿನಿಂದ ಆ ಹೆಂಗಸರಿಗೆಲ್ಲ ಕಾಫಿ ತರಿಸಿ ಕೊಡುತ್ತಿದ್ದರಂತೆ.

ಆ ಮೇಲೆ ಅವಳು ಮನೆಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಸೋತ ಅಷ್ಟೂ ವರ್ಷ ಗೆದ್ದವಳಂತೆಯೇ ಓಡಾಡಿದಳು. ಮುಂದಿನ ಚುನಾವಣೆಗೆ ಪಕ್ಷದವರು ಟಿಕೆಟ್ ಕೊಡಲೋ ಬೇಡವೋ ಎಂದು ಎಳೆದಾಡುತ್ತಿದ್ದಾಗ ಊರೂರುಗಳಿಂದ ಹೆಂಗಸರು ಲಾರಿ ಹತ್ತಿ ಹಾಸನದ ಪಕ್ಷದ ಕಚೇರಿಯ ಮುಂದೆ ಬಂದು ಕೂತರು. ಟಿಕೆಟ್ ಬಂತು, ಗೆಲುವೂ ಬಂತು. ಎರಡನೆಯ ಸಲ ವಿಧಾನಸಭೆಗೆ ಹೋದವಳನ್ನು ಸರ್ಕಾರ ರಾಜ್ಯಮಟ್ಟದ ಒಂದು ಮಂಡಳಿಯ ಅಧ್ಯಕ್ಷೆಯನ್ನಾಗಿಯೂ ಮಾಡಿತು. ಕಾರಿನ ಮೇಲೆ ದೀಪ ಬಂದ ವಾರವೇ ಅದರಲ್ಲಿ ಚನ್ನರಾಯಪಟ್ಟಣಕ್ಕೆ ಬಂದು ನಮ್ಮ ಶಾಲೆಯ ಮುಂದೆ ನಿಲ್ಲಿಸಿದಳು. ಮಕ್ಕಳೆಲ್ಲ ಕಿಟಕಿಗೆ ಮುತ್ತಿದರು. ಹೆಡ್‌ಮಾಸ್ಟರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿಬಂದರು. ಅವಳು ಅವರಿಗೆ ಕೈಮುಗಿದು ಕೇಳಿದಳು:

“ಸಾ, ನಿಮ್ ಕನ್ನಡ ಮೇಡಮ್ಮನ್ನ ಅರ್ಧ ದಿನ ರಜಾ ಮೇಲೆ ಕಳಿಸ್ಕೊಡಿ. ಬೆಳಗೊಳಕ್ಕೆ ಓಗಿ ಬೆಟ್ಟ ಅತ್ತಣ ಅಂತ. ಒಬ್ಳೇ ಅತ್ತೋಕೆ ಬೇಜಾರು.”

ನಾನು ಸೀಮೆಸುಣ್ಣದ ಕೈ ಒರೆಸಿಕೊಂಡು ಕಾರು ಹತ್ತಿದೆ. ಹಿಂದಿನ ಸೀಟಿನಲ್ಲಿ ಅತ್ತೆಮ್ಮ ಕೂತಿದ್ದರು. ಬೆಟ್ಟ ಹತ್ತಲು ತಾವೂ ತಯಾರಾಗಿ, ಮಡಿಲಲ್ಲಿ ಕಡಲೆಪುರಿಯ ಪೊಟ್ಟಣ ಇಟ್ಟುಕೊಂಡಿದ್ದರು.